ಕೆಸರಪ್ಪನ ಬಾಣದ ಗುರುತು

ಎಡವಟ್ಟು ಶುರುವಾದದ್ದು ಒಂದು ಒದ್ದೆ ಬಟ್ಟೆಯಿಂದ.

ಜಲವಿಜ್ಞಾನ ಭವನದ ನೆಲಮಾಳಿಗೆಯಲ್ಲಿ ವರ್ಷವಿಡೀ ನೀರು ಒಸರುತ್ತಿತ್ತು. ನೀರಿನ ಬಗ್ಗೆ ಇಪ್ಪತ್ತು ಜನ ಪಂಡಿತರು ಅದೇ ಕಟ್ಟಡದಲ್ಲಿ ಕೂತಿದ್ದರೂ ಅದನ್ನು ಒರೆಸುವವಳು ಕಸ ಗುಡಿಸುವ ಅಕ್ಕ ಒಬ್ಬಳೇ. ಅವತ್ತು ಮೂರು ಗಂಟೆಗೆ ದೊಡ್ಡ ಸಮಿತಿ ಬರುವುದಿತ್ತು. ಎಲ್ಲವೂ ಫಳಫಳ ಅನ್ನಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು. ಅಕ್ಕ ನೆಲ ಒರೆಸಿದಳು, ಮೇಜು ಒರೆಸಿದಳು, ಅದೇ ಕೈಯಲ್ಲಿ ಬೆಂಚಿನ ಮೇಲೆ ಅಡ್ಡ ಮಲಗಿದ್ದ ಆಳುದ್ದದ ಪ್ಲಾಸ್ಟಿಕ್ ಕೊಳವೆಯನ್ನೂ ಒರೆಸಿದಳು.

ಒಳಗೆ ಬಂದ ಕೆಸರಪ್ಪ ಕೊಳವೆ ನೋಡಿ ಬಿಳುಚಿಕೊಂಡ.

"ಅಕ್ಕಾ, ಇದರ ಮೇಲೆ ಒಂದು ಬಾಣದ ಗುರುತು ಇತ್ತಲ್ಲ?"

"ಇತ್ತು ಸಾರ್. ನೀರಲ್ಲಿ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ ಹಾಳಾದ್ದು. ಆಮೇಲೆ ಸೀಮೆಎಣ್ಣೆ ಹಾಕ್ದೆ."

ಕೆಸರಪ್ಪ ಎಂಬುದು ಅಡ್ಡಹೆಸರು. ಹನ್ನೊಂದು ವರ್ಷದಿಂದ ಆತ ಜಲವಿಜ್ಞಾನ ಇಲಾಖೆಯಲ್ಲಿ ಹಂಗಾಮಿ ವಿಜ್ಞಾನಿ. ಕೆರೆಯ ತಳಕ್ಕೆ ಕೊಳವೆ ಇಳಿಸಿ ಕೆಸರು ಎತ್ತುವುದು, ಪದರ ಪದರವಾಗಿ ಕೆರೆದು ಎಂಟು ಸಾವಿರ ವರ್ಷಗಳಲ್ಲಿ ಯಾವಾಗ ಮಳೆ ಬಂತು, ಯಾವಾಗ ಬರ ಬಿತ್ತು ಎಂದು ಹೇಳುವುದು ಅವನ ಕಸುಬು. ಅವನು ಸೇರಿದ ಹೊಸದರಲ್ಲಿ ಒಂದೇ ಕೆರೆಯಿಂದ ಒಂದೇ ದಿನ ಎರಡು ಕೊಳವೆ ಎತ್ತಿದ್ದರು. ಮೊದಲನೆಯದನ್ನು, ಅದರ ಮೇಲಿದ್ದ ಅಂಥದೇ ಬಾಣ ನೋಡಿಕೊಂಡು, ಚಮಚ ಚಮಚವಾಗಿ ಕೆರೆದು ಮುಗಿಸಿದ್ದಾಯಿತು. ಎರಡನೆಯದನ್ನು ಇವತ್ತು ಸಮಿತಿಯ ಎದುರು ಸೀಳಬೇಕು. ಪದರಗಳು ತಾಳೆಯಾದರೆ ಕೆಸರಪ್ಪ ಖಾಯಂ.

"ಖಾಯಂ ಆಗದೆ ಮನೆಗೆ ಬಂದ್ರೆ ಆ ಕೊಳವೆ ಒಳಗೇ ಮಲ್ಕೊಳ್ಳಿ" ಎಂದು ಹೆಂಡತಿ ಬೆಳಗ್ಗೆಯೇ ಹೇಳಿ ಕಳಿಸಿದ್ದಳು.

ಈಗ ಬಾಣವೇ ಇಲ್ಲ. ಯಾವ ತುದಿ ಮೇಲಿನದು, ಯಾವುದು ತಳದ್ದು? ಸುದ್ದಿ ಹೊರಬಿದ್ದದ್ದೇ ತಡ, ಸಲಹೆಗಾರರು ಸಕ್ಕರೆಗೆ ಇರುವೆ ಬಂದಂತೆ ಬಂದರು.

"ಭಾರ ಇರೋ ಕಡೆ ತಳ" ಎಂದರು ಉಗ್ರಾಣದವರು. "ಹಳೇದೆಲ್ಲ ಕೆಳಗೆ ಹೋಗಿ ಕೂತ್ಕೊಳ್ಳುತ್ತೆ, ನಮ್ಮ ಫೈಲುಗಳ ಹಾಗೆ."

ಜೀಪಿನ ಡ್ರೈವರು ಎರಡೂ ತುದಿ ಮೂಸಿ ನೋಡಿದ. "ಈ ಕಡೆ ಜಾಸ್ತಿ ಹಳಸಿದೆ ಸರ್. ಇದೇ ಹಳೇದು."

"ಅದು ಸೀಮೆಎಣ್ಣೆ ವಾಸನೆ ಕಣಯ್ಯಾ" ಎಂದ ಕೆಸರಪ್ಪ.

ಕೊನೆಗೆ ಕೆಸರಪ್ಪ ತನ್ನದೇ ಬುದ್ಧಿ ಓಡಿಸಿದ. ಎರಡೂ ಕಡೆಯ ಮುಚ್ಚಳ ತೆಗೆದು ಇಣುಕಿದ. ಒಂದು ಕಡೆ ಬಿಳಿ ಮರಳು, ಇನ್ನೊಂದು ಕಡೆ ಕಪ್ಪು ಕೆಸರು. ಅವನ ನಾಲ್ಕು ಪ್ರಬಂಧಗಳೂ ಹೇಳುತ್ತಿದ್ದುದು ಅದನ್ನೇ: ತಳದಲ್ಲಿ ಮರಳು, ಅಂದರೆ ಹಿಂದೆ ಬರಗಾಲ, ಮೇಲೆ ಕೆಸರು, ಅಂದರೆ ಈಚೆಗೆ ಒಳ್ಳೆಯ ಮಳೆ. ಆ ಸಿದ್ಧಾಂತಕ್ಕೆ ಅವನ ಗುರುಗಳಿಗೆ ಚಿನ್ನದ ಪದಕ ಬಂದಿತ್ತು. ಮಣ್ಣಿನ ವಯಸ್ಸು ಅಳೆಯುವ ಪ್ರಯೋಗಾಲಯ ಎರಡು ಸಲ ತಿರುವುಮುರುವು ವರದಿ ಕಳಿಸಿತ್ತು, ನಿಜ. ಗುರುಗಳು ಪ್ರಯೋಗಾಲಯವನ್ನೇ ಬದಲಾಯಿಸಿದ್ದರು. ಕೆಸರಪ್ಪ ಧೈರ್ಯವಾಗಿ, ಕಪ್ಪು ಕೆಸರಿನ ಕಡೆಗೆ ಮುಖ ಮಾಡಿದ ಹೊಸ ಬಾಣ ಬರೆದ.

ಮೂರಕ್ಕೆ ಸಮಿತಿ ಬಂತು. ಅಧ್ಯಕ್ಷರು ಅದೇ ಗುರುಗಳು. ಗರಗಸ ಗರಗರ ಅಂದಿತು, ಕೊಳವೆ ಉದ್ದಕ್ಕೆ ಎರಡು ಹೋಳಾಯಿತು. ಕೆಸರಪ್ಪ ಮರಳಿನ ತುದಿಗೆ ಕಡ್ಡಿ ಇಟ್ಟು ಗಂಭೀರವಾಗಿ, "ಇದು ಎಂಟು ಸಾವಿರ ವರ್ಷದ ಹಿಂದಿನ ಕಾಲ" ಎಂದ.

ಎಂಟು ಸಾವಿರ ವರ್ಷದ ಹಿಂದಿನ ಕಾಲ ಮಿರಿಮಿರಿ ಮಿಂಚಿತು. ಸಮಿತಿಯ ಒಬ್ಬರು ಚಿಮಟದಲ್ಲಿ ಎತ್ತಿ ಹಿಡಿದರು. ಶಾಂಪೂ ಪೊಟ್ಟಣ. "ಒಂದು ಕೊಂಡರೆ ಒಂದು ಉಚಿತ" ಎಂದು ಗಟ್ಟಿಯಾಗಿ ಓದಿದರು.

ಅಧ್ಯಕ್ಷರು ಕೆಸರಪ್ಪನ ತೋಳು ಹಿಡಿದು ಮೂಲೆಗೆ ಎಳೆದರು. "ಹಳೇ ಬಾಣಾನ ಏನು ಅಂತ ತಿಳ್ಕೊಂಡಿದ್ದೆ?"

"ಬಾಣದ ತುದಿ ಮೇಲಕ್ಕೆ ಅಂತ ಸರ್."

"ದೋಣೀಲಿ ಎರಡೂ ಕೊಳವೆ ಮೇಲೆ ಅದನ್ನ ಬರೆದವನು ನಾನು. ಕೊಳವೆ ಇಳಿಯೋ ಕಡೆಗೆ ಬರೆದಿದ್ದೆ. ಕೆಳಕ್ಕೆ."

"ನೀವು ಹೇಳ್ಲೇ ಇಲ್ಲ ಸರ್."

"ನೀನು ಕೇಳ್ಲೇ ಇಲ್ಲ."

ಹನ್ನೊಂದು ವರ್ಷ, ನಾಲ್ಕು ಪ್ರಬಂಧ, ಒಂದು ಪದಕ ಶೀರ್ಷಾಸನ ಹಾಕಿ ನಿಂತಿದ್ದವು. ಅಂದರೆ ಮಳೆ ಹಿಂದೆ, ಬರ ಈಗ. ಅಧ್ಯಕ್ಷರು ಒಂದು ಕ್ಷಣ ಯೋಚಿಸಿದರು. ಪದಕ ವಾಪಸು ಕೊಡುವ ಮುಖ ಅದಲ್ಲ. ಸಮಿತಿಯ ಕಡೆ ತಿರುಗಿ, "ಸಿದ್ಧಾಂತ ಸರಿಯಾಗಿದೆ, ಮಾದರಿ ಕೆಟ್ಟಿದೆ. ಒರೆಸುವಾಗ ಕಸ ಒಳಗೆ ಸೇರಿಕೊಂಡಿದೆ" ಎಂದರು.

"ನಾನು ಒರೆಸಿದ್ದು ಹೊರಗೆ ಸಾರ್" ಎಂದಳು ಬಾಗಿಲಲ್ಲಿ ನಿಂತಿದ್ದ ಅಕ್ಕ. "ಒಳಗೆ ಒರೆಸು ಅಂತ ಯಾರೂ ಹೇಳ್ಲಿಲ್ಲ."

ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಆದೇಶ ತಯಾರಾಯಿತು: ಖಾಯಂ ಮಾಡುವುದನ್ನು ಮುಂದೂಡಿದೆ, ಕೆಸರಪ್ಪ ಅದೇ ಕೆರೆಯ ಅದೇ ಜಾಗದಿಂದ ಆರು ತಿಂಗಳೊಳಗೆ ಹೊಸ ಕೊಳವೆ ತರತಕ್ಕದ್ದು, ಹೋಗಿಬರುವ ಖರ್ಚನ್ನು ಇಲಾಖೆ ಕೊಡತಕ್ಕದ್ದು.

"ಆ ಕೆರೆ ಈಗಿಲ್ಲ ಸರ್."

"ಇಲ್ಲ ಅಂದ್ರೆ? ಎಲ್ಲಿ ಹೋಯ್ತು?"

ಕೆಸರಪ್ಪ ನೆಲ ನೋಡಿದ. ಅಕ್ಕ ಈಗಷ್ಟೇ ಒರೆಸಿದ್ದ ಕಡೆ ಮತ್ತೆ ನೀರು ಒಸರಿ ಅಧ್ಯಕ್ಷರ ಬೂಟು ಮುಟ್ಟುತ್ತಿತ್ತು.

"ಮುಚ್ಚಿ ಈ ಭವನ ಕಟ್ಟಿದ್ರು ಸರ್. ಅಡಿಗಲ್ಲು ಹಾಕಿದ್ದು ನೀವೇ."

ಅಧ್ಯಕ್ಷರು ಪಕ್ಕದ ಕುರ್ಚಿಯಲ್ಲಿ ಕೂತು ಎರಡೂ ಕಾಲು ಮೇಲೆಳೆದುಕೊಂಡರು. ಆಮೇಲೆ ಪೆನ್ನು ತೆಗೆದು ಆದೇಶದ ಕೊನೆಯ ಸಾಲು ಹೊಡೆದುಹಾಕಿದರು.

"ಹಾಗಾದ್ರೆ ನಿನಗೆ ಪ್ರಯಾಣ ಭತ್ಯೆ ಬೇಕಾಗಲ್ಲ."