ಕಿವಿಯೊಳಗಿನ ಮೋಟಾರು

ಕಿವಿಯಲ್ಲಿ ಸದಾ ಸದ್ದು ಕೇಳುವ ಮನುಷ್ಯ ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ವಿಚಾರಿಸಿಕೊಂಡು ಬರುತ್ತದೆ. ನಾನು ದೊಡ್ಡಬಳ್ಳಾಪುರದ ನೇಕಾರ. ಯುದ್ಧದ ಕಾಲದಲ್ಲಿ, ನಮ್ಮೂರಿನಲ್ಲಿ ಕರೆಂಟು ಮಗ್ಗ ಇನ್ನೂ ಹೊಸದಾಗಿದ್ದಾಗ, ಕೈಮಗ್ಗ ಬಿಟ್ಟು ಒಬ್ಬ ಸಾಹುಕಾರರ ಷೆಡ್ಡಿಗೆ ಸೇರಿದೆ. ಸ್ವಲ್ಪ ಕಾಲಕ್ಕೆಲ್ಲ ಎಡಗಿವಿಯಲ್ಲಿ ಗುಂಯ್ ಎಂದು ಶುರುವಾಯಿತು.

ಸದ್ದನ್ನಾದರೂ ಸಹಿಸಬಹುದಿತ್ತು, ಅದರ ಜೊತೆ ಬಂದ ಭಯವನ್ನು ಸಹಿಸುವುದು ಕಷ್ಟವಾಯಿತು. ನನ್ನ ಸೋದರಮಾವ, ಅಂದರೆ ನಮ್ಮಮ್ಮನ ತಮ್ಮ, ಹೀಗೇ ಕಿವಿಯಲ್ಲಿ ಏನೋ ಕೇಳುತ್ತದೆ ಎನ್ನುತ್ತಿದ್ದವನು ಒಂದು ದಿನ ಮನೆ ಬಿಟ್ಟು ಹೋದ, ತಿರುಗಿ ಬರಲಿಲ್ಲ. ತಲೆ ಕೆಟ್ಟಿತ್ತು ಎಂದು ನೆಂಟರೆಲ್ಲ ಮಾತಾಡಿಕೊಳ್ಳುತ್ತಿದ್ದರು. ನನಗೂ ಹಾಗೇ ಆದರೆ? ಅಮ್ಮನಿಗೆ ಮಾತ್ರ ಇದು ಗೊತ್ತಾಗಕೂಡದು ಎಂದುಕೊಂಡಿದ್ದೆ.

ಆದರೆ ನಾನು ಮೊದಲಿನಿಂದಲೂ ಕೆದಕಿ ನೋಡುವ ಪ್ರಾಣಿ. ಹೆದರಿಕೊಂಡೇ ಅದನ್ನು ಪರೀಕ್ಷೆ ಮಾಡುತ್ತಿದ್ದೆ. ಬಾಯಿ ತೆರೆದರೆ ಹೇಗೆ ಕೇಳುತ್ತದೆ, ನೀರು ಕುಡಿಯುವಾಗ ಏನಾಗುತ್ತದೆ, ಹೆಂಡತಿ ಒಗ್ಗರಣೆ ಹಾಕುವಾಗ ಅದು ಎಲ್ಲಿ ಅಡಗಿಕೊಳ್ಳುತ್ತದೆ, ಇದೇ ಯೋಚನೆ.

ಅಮಾವಾಸ್ಯೆಯ ಮಗ್ಗ

ಅದು ಕಿವಿಯ ಸದ್ದೆಂದು ಮೊದಮೊದಲು ನನಗೇ ಗೊತ್ತಿರಲಿಲ್ಲ. ನಮ್ಮಲ್ಲಿ ಅಮಾವಾಸ್ಯೆಯ ದಿನ ಯಾರೂ ಮಗ್ಗ ಮುಟ್ಟುವುದಿಲ್ಲ. ಮುಟ್ಟಿದರೆ ಕುಲದ ಯಜಮಾನರು ದಂಡ ಹಾಕುತ್ತಾರೆ. ಆವತ್ತು ಇಡೀ ಬೀದಿ ಸದ್ದಿಲ್ಲದೆ ಮಲಗಿರುತ್ತದೆ. ಅಂಥ ದಿನ ನಾನು ಜಗಲಿಯ ಮೇಲೆ ಕೂತಿದ್ದಾಗ ಎಲ್ಲೋ ಮೋಟಾರು ತಿರುಗುವುದು ಕೇಳಿಸಿತು. ಪಕ್ಕದ ಮನೆಯವನು ಆಗತಾನೆ ಕರೆಂಟು ಮಗ್ಗ ಹಾಕಿಸಿದ್ದ. ನೆಟ್ಟಗೆ ಹೋಗಿ ಅವನ ಬಾಗಿಲು ಬಡಿದೆ.

"ಏನಣ್ಣಾ, ಅಮಾವಾಸ್ಯೆ ದಿನಾನೂ ಮೋಟಾರು ಬಿಟ್ಟಿದ್ದೀಯಲ್ಲ!"

ನಿದ್ದೆಯಿಂದ ಎದ್ದು ಬಂದವನು, "ಯಾವ ಮೋಟಾರ್ಲಾ? ಒಳಗ್ ಬಂದು ನೋಡು" ಎಂದ. ನೋಡಿದೆ. ಮಗ್ಗದ ಮೇಲೆ ಅವನ ಮನೆಯ ಬೆಕ್ಕು ಮಲಗಿತ್ತು. ಆದರೂ ನಾನು ಸೋಲಲಿಲ್ಲ. ಯಜಮಾನರನ್ನೇ ಕರೆತಂದೆ. ಅವರು ಮನೆ ಮನೆಯ ಗೋಡೆಗೆ ಕಿವಿಯಿಟ್ಟು ಬೀದಿಯುದ್ದಕ್ಕೂ ನಡೆದರು. ಹಿಂದೆ ನಾಲ್ಕಾರು ಜನ ಉಸಿರು ಬಿಗಿಹಿಡಿದು ಬಂದರು. ಯಾರಿಗೂ ಏನೂ ಕೇಳಿಸಲಿಲ್ಲ. ಕೊನೆಗೆ ಯಜಮಾನರು ನನ್ನತ್ತ ತಿರುಗಿದರು.

"ಎರಡೂ ಕಿವಿ ಗಟ್ಟಿಯಾಗಿ ಮುಚ್ಕೋ ನೋಡೋಣ."

ಮುಚ್ಚಿಕೊಂಡೆ. ಅವರು ಸನ್ನೆ ಮಾಡಿ ಕೇಳಿದರು, ಈಗ?

"ಈಗ ಇನ್ನೂ ಜೋರಾಗಿ ಕೇಳ್ತಾ ಇದೆ ಯಜಮಾನ್ರೇ!"

ಯಜಮಾನರು ನನ್ನ ಕೈಗಳನ್ನು ಕೆಳಗಿಳಿಸಿ ಹೇಳಿದರು: "ಹಂಗಾದ್ರೆ ಅಮಾವಾಸ್ಯೆ ದಿನ ಮಗ್ಗ ಓಡಿಸ್ತಾ ಇರೋನು ನೀನೇ ಕಣಪ್ಪ. ದಂಡ ಕಟ್ಟು."

ಕಟ್ಟಿದೆ. ಅಮ್ಮನ ಹತ್ತಿರ ಇದನ್ನು ಎತ್ತಬೇಡಿ ಎಂದು ಎಲ್ಲರಿಗೂ ಕೈಮುಗಿದೆ. ಅವರೂ ಎತ್ತಲಿಲ್ಲ. ಬೀದಿಯಲ್ಲಿ ನನ್ನನ್ನು ಕಂಡಾಗಲೆಲ್ಲ "ಮಗ್ಗ ಚೆನ್ನಾಗಿ ಓಡ್ತಿದ್ಯಾ?" ಎಂದು ಯೋಗಕ್ಷೇಮ ವಿಚಾರಿಸಿದರು, ಅಷ್ಟೇ.

ನಿಲ್ಲದ ಕಂಬಿ

ರೈಲು ಹತ್ತಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆ. ಡಾಕ್ಟರು ಎರಡು ಕವಲಿನ ಉಕ್ಕಿನ ಕಂಬಿಯೊಂದನ್ನು ಮೊಣಕೈಗೆ ಬಡಿದು ನನ್ನ ಕಿವಿಯ ಪಕ್ಕ ಹಿಡಿದರು. ಅದು ಝೇಂ ಎಂದಿತು.

"ಸದ್ದು ನಿಂತ ತಕ್ಷಣ ಕೈ ಎತ್ತು" ಎಂದರು.

ನಾನು ಕಣ್ಣು ಮುಚ್ಚಿ, ಸತ್ಯವಂತನಾಗಿ ಕೂತೆ. ಸದ್ದು ನಿಲ್ಲಲಿಲ್ಲ. ಡಾಕ್ಟರ ಕೈ ಸೋತಿರಬೇಕು, ಕಂಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ಇನ್ನೂ ಕೇಳ್ತಾ ಇದ್ಯಾ?"

"ಕೇಳ್ತಾ ಇದೆ ಸ್ವಾಮಿ."

ಡಾಕ್ಟರು ಕಂಬಿಯನ್ನು ತಮ್ಮ ಕಿವಿಗೇ ಇಟ್ಟುಕೊಂಡು ನೋಡಿದರು. ಅಲ್ಲಾಡಿಸಿದರು. ಮೇಜಿನ ಡ್ರಾಯರಿನಲ್ಲಿಟ್ಟು ಅದನ್ನು ಮುಚ್ಚಿ, "ಈಗ?" ಎಂದರು.

"ಈಗ್ಲೂ ಅಷ್ಟೇ ಚೆನ್ನಾಗಿ ಕೇಳ್ತಾ ಇದೆ ಸ್ವಾಮಿ" ಎಂದೆ.

ಆಮೇಲೆ ನಕ್ಕು ತಿಳಿಯಹೇಳಿದರು. ಮಗ್ಗದ ಗದ್ದಲಕ್ಕೆ ಹೀಗಾಗುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ, ಕಿವಿಗೆ ಹತ್ತಿ ಇಟ್ಟುಕೋ, ಇದಕ್ಕೆ ಔಷಧಿಯಿಲ್ಲ, ಅದನ್ನು ಮರೆತುಬಿಡುವುದೇ ಒಳ್ಳೆಯದು ಎಂದರು. ಮಾವನ ವಿಷಯ ಕೇಳಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ರೈಲಿನಲ್ಲಿ ಕೂತ ಮೇಲೆ, ಮರೆಯಬೇಕು ಎಂಬುದು ಎಲ್ಲಿ ಮರೆತುಹೋಗುತ್ತದೋ ಎಂದು ಹೆಗಲ ಮೇಲಿನ ವಲ್ಲಿಯ ತುದಿಗೆ ಒಂದು ಗಂಟು ಹಾಕಿಕೊಂಡೆ.

ಮಾದರಿ ಕೆಲಸಗಾರ

ಮಗ್ಗಗಳು ಓಡುವಾಗ ನನ್ನ ಸದ್ದು ಅವುಗಳಲ್ಲಿ ಮುಳುಗಿ ಹೋಗುತ್ತಿತ್ತು, ಅದರ ಜೊತೆ ಭಯವೂ. ಇದನ್ನು ಕಂಡುಕೊಂಡ ಮೇಲೆ ನಾನು ಷೆಡ್ಡು ಬಿಟ್ಟು ಅಲ್ಲಾಡಲಿಲ್ಲ. ಮಗ್ಗದ ಪಕ್ಕ ನಿಂತೇ ಮುದ್ದೆ ನುಂಗುತ್ತಿದ್ದೆ. ಸಾಹುಕಾರರಿಗೆ ಆನಂದವೋ ಆನಂದ. ಎಲ್ಲರನ್ನೂ ಕರೆದು, "ಇವನ್ನ ನೋಡಿ ಕಲೀರಿ. ಊಟಕ್ಕೂ ಎದ್ದು ಹೋಗಲ್ಲ. ಏನಪ್ಪಾ ನಿನ್ನ ಗುಟ್ಟು?" ಎಂದರು.

"ಮನೇಲಿ ನೆಮ್ಮದಿ ಇಲ್ಲ ಸ್ವಾಮಿ" ಎಂದೆ. ಅದು ನಿಜವೇ ತಾನೆ.

ಆವತ್ತು ಸಂಜೆಯಿಂದ ಷೆಡ್ಡಿನವರೆಲ್ಲ ನನ್ನ ಹೆಂಡತಿಯ ಬಗ್ಗೆ ಏನೇನೋ ಊಹಿಸಿಕೊಂಡು ನನಗೆ ಬೀಡಿ ಕೊಟ್ಟು ಸಮಾಧಾನ ಹೇಳತೊಡಗಿದರು. ಪಾಪ, ಅವಳು ಇರುವೆಗೂ ಗದರಿದವಳಲ್ಲ.

ಸಂತೆಯ ವಿಮಾನ

ಜಪಾನಿನವರು ಬಾಂಬು ಹಾಕಲು ಬರುತ್ತಾರಂತೆ ಎಂದು ಊರೂರಲ್ಲೂ ಮಾತು ಹಬ್ಬಿದ್ದ ದಿನಗಳು. ನಾನು ದೇವನಹಳ್ಳಿ ಸಂತೆಗೆ ಹೋಗಿದ್ದೆ. ತಲೆಯನ್ನು ಓರೆ ಮಾಡಿದರೆ ಸದ್ದು ಬದಲಾಗುತ್ತದೆಯೇ ಎಂಬುದು ಆ ವಾರದ ನನ್ನ ಪರೀಕ್ಷೆ. ಸಂತೆಯ ನಡುವೆ ನಿಂತು ಮುಖ ಮೇಲೆತ್ತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ವಾಲಿಸುತ್ತಿದ್ದೆ. ಮೆಣಸಿನಕಾಯಿ ಮಾರುವಾಕೆ ನೋಡಿದಳು.

"ಏನಣ್ಣಾ, ಮೇಲಕ್ಕೆ ನೋಡ್ತಾ ನಿಂತಿದ್ದೀಯ?"

"ಸದ್ದು ಕಣಮ್ಮ. ಗುಂಯ್ ಅಂತ ಒಂದೇ ಸಮ ಕೇಳಿಸ್ತಾ ಇದೆ" ಎಂದೆ.

ಅವಳೂ ಆಕಾಶ ನೋಡಿದಳು. ಪಕ್ಕದವನೂ ನೋಡಿದ. "ಇಮಾನ!" ಎಂದು ಯಾರೋ ಕೂಗಿದ್ದೇ ತಡ, ಸಂತೆಗೆ ಸಂತೆಯೇ ಎದ್ದು ಓಡಿತು. ಈರುಳ್ಳಿ ಒಂದು ಕಡೆ, ಕೋಳಿ ಒಂದು ಕಡೆ. ಅಷ್ಟು ಜನ ಓಡುವುದನ್ನು ಕಂಡು ನನಗೂ ಜೀವ ಹಾರಿತು. ಇಷ್ಟು ದಿನ ಕೇಳುತ್ತಿದ್ದದ್ದು ಕಿವಿಯದಿರಬಹುದು, ಇವತ್ತಿನದು ವಿಮಾನದ್ದೇ ಇರಬೇಕು ಎನಿಸಿತು. ಓಡಿಹೋಗಿ ಒಂದು ಎತ್ತಿನ ಗಾಡಿಯ ಕೆಳಗೆ ನುಗ್ಗಿದೆ. ಅಲ್ಲಿ ಆಗಲೇ ಒಬ್ಬ ಪೊಲೀಸಿನವನು ಪೇಟ ತಬ್ಬಿಕೊಂಡು ಕೂತಿದ್ದ. ಇಬ್ಬರೂ ದೇವರ ಧ್ಯಾನ ಮಾಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವನು ಪಿಸುಗುಟ್ಟಿದ:

"ನಂಗೇನೂ ಕೇಳಿಸ್ತಾ ಇಲ್ವಲ್ಲ. ನಿಂಗೆ ಕೇಳ್ತಾ ಇದ್ಯಾ?"

"ನಂಗೆ ಯುಗಾದಿಯಿಂದ ಕೇಳ್ತಾ ಇದೆ ಸ್ವಾಮಿ."

ಅಮ್ಮನ ಪಾಲು

ಒಂದು ಮಧ್ಯಾಹ್ನ ಕರೆಂಟು ಹೋಗಿ ಷೆಡ್ಡು ನಿಂತಿತು. ಮನೆಗೆ ಬಂದೆ. ಅಮ್ಮ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು, ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದಳು. ನೂಲು ಹರಿದು ರಾಟೆ ನಿಂತಾಗ ಮನೆ ನಿಶ್ಶಬ್ದವಾಯಿತು. ನನ್ನ ಕಿವಿ ಶುರುವಿಟ್ಟುಕೊಂಡಿತು. ಅಭ್ಯಾಸಬಲದಿಂದ ಎಡಗಿವಿಯನ್ನು ಮುಚ್ಚುತ್ತಾ ತೆಗೆಯುತ್ತಾ ಕೂತೆ.

"ಏನೋ ಅದು, ಕಿವಿ ಜೊತೆ ಆಟ?" ಎಂದಳು ಅಮ್ಮ.

ಬಚ್ಚಿಟ್ಟೂ ಬಚ್ಚಿಟ್ಟೂ ಸಾಕಾಗಿತ್ತು. ಹೇಳಿಯೇಬಿಟ್ಟೆ.

"ಅಮ್ಮಾ, ಮಾವನ ಥರಾನೇ ನಂಗೂ ಕಿವೀಲಿ ಸದ್ದು ಕೇಳುತ್ತೆ. ಗುಂಯ್ ಅಂತ, ನಿಲ್ಲೋದೇ ಇಲ್ಲ. ನಂಗೂ ಎಲ್ಲಿ ತಲೆ ಕೆಟ್ಟು ನಿಮ್ಮನ್ನೆಲ್ಲ ಬಿಟ್ಟು ಹೊರಟುಹೋಗ್ತೀನೋ ಅಂತ ಭಯ ಆಗುತ್ತೆ."

ಅಮ್ಮ ಹರಿದ ಎಳೆಯನ್ನು ಹುರಿಮಾಡಿ ಸೇರಿಸುತ್ತಾ, "ಆಮೇಲೆ?" ಎಂದಳು.

"ಆಮೇಲೇನು, ಅಷ್ಟೇ."

"ಅಷ್ಟೇನಾ? ಅದು ಎಲ್ರಿಗೂ ಕೇಳುತ್ತಲ್ಲೋ! ರಾಟೆ ನಿಂತ್ರೆ ಗುಂಯ್ ಅನ್ನಲ್ವಾ? ನೀನು ಹುಟ್ಟೋಕೆ ಮುಂಚೆಯಿಂದ ನಂಗೆ ಕೇಳ್ತಾ ಇದೆ. ಮನೇಲಿ ಯಾರೂ ಮಾತಾಡ್ದೇ ಇದ್ರೆ ಮನೆ ಮಾಡೋ ಸದ್ದೇ ಅದು ಅಂದ್ಕೊಂಡಿದ್ದೆ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಮತ್ತೆ ಮಾವ?"

"ಅವನು ಮನೆ ಬಿಟ್ಟಿದ್ದು ಕಿವಿ ಸದ್ದಿಗಲ್ಲ ಕಣೋ, ಅವನ ಹೆಂಡ್ತಿ ಬಾಯಿಗೆ. ಅವನ ತಲೆ ನೆಟ್ಟಗಿತ್ತು, ಅದಕ್ಕೇ ಹೋದ."

ಎಷ್ಟೋ ತಿಂಗಳ ಮೇಲೆ ಎದೆ ಹಗುರವಾಯಿತು. ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಸದ್ದು ಇದ್ದಲ್ಲೇ ಇತ್ತು, ಆದರೆ ಅದು ಈಗ ನನ್ನೊಬ್ಬನದಾಗಿರಲಿಲ್ಲ. ತಾಯಿ ಮಗ ಎದುರುಬದುರು ಕೂತು ಹೋಲಿಸಿ ನೋಡತೊಡಗಿದೆವು.

"ನಿಂದು ಹೆಂಗೆ? ಜೀರುಂಡೆ ಥರಾನಾ?"

"ಇಲ್ಲಮ್ಮ, ಮೋಟಾರು ಥರ. ಎಡಗಡೆ ಮಾತ್ರ."

"ನಂದು ದುಂಬಿ. ಎರಡೂ ಕಡೆ" ಎಂದಳು ಅಮ್ಮ, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ಸೊಸೆಯ ಕಡೆ ತಿರುಗಿದಳು. "ನಿಂದು ಹೆಂಗಮ್ಮ?"

"ನಂಗೇನೂ ಕೇಳಲ್ಲ ಅತ್ತೆ."

"ಏನೂ ಕೇಳಲ್ವಾ? ರಾಟೆ ನಿಂತಾಗ್ಲೂ?"

"ಊಹೂಂ, ಏನೂ ಇಲ್ಲ."

ಅಮ್ಮನ ಮುಖ ಸಪ್ಪಗಾಯಿತು. ರಾಟೆಯನ್ನು ಬದಿಗೆ ಸರಿಸಿ ಎದ್ದುಹೋಗಿ ಸೊಸೆಯ ಪಕ್ಕ ಕೂತಳು. ಅವಳ ತಲೆ ಸವರಿ, ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡು ಹೇಳಿದಳು:

"ಅಯ್ಯೋ ನನ್ ತಾಯಿ, ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು, ಇಂಥ ಕಷ್ಟ ಒಬ್ಳೇ ನುಂಗ್ಕೊಂಡಿದ್ಯಲ್ಲ. ನನ್ ಹತ್ರ ಒಂದ್ ಮಾತು ಹೇಳ್ಬಾರದಾಗಿತ್ತಾ!"