ಮನೆ ಮಾಲೀಕರ ಆರಡಿ

ಬಡಗಿಯ ಫೋನು ಬಂದಾಗ ಉಗ್ರಾಣದ ಗುಮಾಸ್ತರು ಮೂರನೆಯ ಸಲ ನಟ್ಟು ಬೋಲ್ಟು ಎಣಿಸುತ್ತಿದ್ದರು.

"ಸ್ವಾಮಿ, ಹಲಗೆ ಕೊಯ್ಯೋಕೆ ನಿಂತಿದೀನಿ. ಗೂಡಿನ ಅಳತೆ ಹೇಳ್ಬಿಡಿ."

ಎಣಿಕೆ ಅಲ್ಲಿಗೇ ತಪ್ಪಿತು. ಹೊಸ ಬಾಡಿಗೆ ಮನೆಯ ಗೋಡೆಯಲ್ಲಿ ಆಳೆತ್ತರದ ಒಂದು ಗೂಡಿತ್ತು. ಅದರೊಳಗೆ ಕೂರುವಂತೆ ಪುಸ್ತಕದ ಕಪಾಟು ಮಾಡಿಸಬೇಕೆಂದು ಹೆಂಡತಿ ಭಾನುವಾರ ಇವರನ್ನು ಅಳೆಯಲು ಕಳಿಸಿದ್ದರು. ಇವರು ಹೋದದ್ದೂ ನಿಜ. ಮಾಲೀಕರ ಜೊತೆ ಎರಡು ಲೋಟ ಚಹಾ ಕುಡಿದು, ಅವರ ಆಸೆಯಂತೆ ಗೂಡಿನ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದು ಬಂದಿದ್ದರು. "ಅಳೆದ್ರಾ?" ಎಂದು ಹೆಂಡತಿ ಕೇಳಿದ್ದಕ್ಕೆ, "ಒಂದಿಂಚೂ ಬಿಡದೆ" ಎಂದಿದ್ದರು.

ಇದು ಈ ವರ್ಷದ ಮೂರನೆಯ ಸುಳ್ಳು. ಎರಡನೆಯದು ಸಿಕ್ಕಿಬಿದ್ದ ದಿನವೇ ಹೆಂಡತಿ ಹೇಳಿಯಾಗಿತ್ತು: "ಇನ್ನೊಂದ್ಸಲ ಹೀಗಾದ್ರೆ ಮನೆ ಯಜಮಾನಿಕೆ ಪೂರ್ತಿ ಅಣ್ಣನ ಕೈಗೆ." ಆ ಅಣ್ಣ ಕಟ್ಟಡದ ಕಂಟ್ರಾಕ್ಟರು. ಇನ್ನೊಬ್ಬರ ತಪ್ಪು ಕಂಡರೆ ಬಡಿಸಿದ ಎಲೆ ಕಂಡಂತೆ ಮುಖವರಳಿಸುವ ಮನುಷ್ಯ.

"ಹತ್ತು ನಿಮಿಷ ಕೊಡಪ್ಪಾ, ಚೀಟಿ ಹುಡುಕ್ತೀನಿ" ಎಂದು ಗುಮಾಸ್ತರು ಮಾಲೀಕರಿಗೆ ಫೋನು ಮಾಡಿದರು.

"ನಾನು ಬಸ್ಸಲ್ಲಿದೀನಿ ಕಣ್ರೀ. ಬರೋದು ಸಂಜೆ. ಬೀಗದ ಕೈ ನನ್ನ ಜೇಬಲ್ಲಿದೆ."

ಗುಮಾಸ್ತರ ಮುಖ ನೋಡಿ ಪಕ್ಕದ ಕೋಣೆಯ ಡ್ರಾಫ್ಟ್ಸ್‌ಮನ್ ಬಂದರು. ಅವರ ಹಿಂದೆ, ಕರೆಯದಿದ್ದರೂ, ಟೈಪಿಸ್ಟ್ ಮೇಡಂ ಬಂದರು.

"ಫೋಟೋ ಇದೆಯಲ್ಲ, ಅಳೋದ್ಯಾಕೆ?" ಎಂದರು, ಸಂಗತಿಯೆಲ್ಲ ಕೇಳಿದ ಡ್ರಾಫ್ಟ್ಸ್‌ಮನ್. "ಫೋಟೋ ಅಂದ್ರೆ ಅದೇ ಆಕಾರ, ಗಾತ್ರ ಮಾತ್ರ ಚಿಕ್ಕದು. ಗೂಡು ಎಷ್ಟು ಪಾಲು ಕುಗ್ಗಿದೆಯೋ ಮಾಲೀಕರೂ ಅಷ್ಟೇ ಪಾಲು ಕುಗ್ಗಿರ್ತಾರೆ. ಅವರ ನಿಜವಾದ ಎತ್ತರ ಕೇಳಿ, ಉಳಿದದ್ದು ನನಗೆ ಬಿಡಿ."

"ನನಗಂತೂ ಆ ಮನುಷ್ಯ ಕುಳ್ಳ ಅನ್ಸುತ್ತೆ" ಎಂದರು ಮೇಡಂ.

"ಮೇಡಂ, ಫೋಟೋದಲ್ಲಿ ಎಲ್ರೂ ಕುಳ್ಳರೇ."

ಮತ್ತೆ ಫೋನು. "ಸರ್, ನಿಮ್ಮ ಎತ್ತರ ಎಷ್ಟು?"

"ಏನ್ರೀ? ಕೇಳಿಸ್ತಿಲ್ಲ."

"ಎತ್ತರ ಸಾರ್! ನಿಮ್ಮದು! ಎಷ್ಟಡಿ ಇದೀರಿ?"

ಆ ಕೂಗು ಬಸ್ಸಿಗೆಲ್ಲ ಕೇಳಿಸಿರಬೇಕು. ಅತ್ತ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ಅಷ್ಟೇ ಗಟ್ಟಿಯಾಗಿ ಉತ್ತರ: "ಆರಡಿ!"

ಫೋಟೋವನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಸ್ಕೇಲು ಇಟ್ಟರು. ಮಾಲೀಕರು ಹನ್ನೆರಡು ಸೆಂಟಿಮೀಟರ್. ಆರಡಿ ಅಂದರೆ ಎಪ್ಪತ್ತೆರಡು ಇಂಚು. ಸೆಂಟಿಮೀಟರಿಗೆ ಆರು ಇಂಚಾಯಿತು. ಗೂಡಿನ ಅಗಲ ಏಳು ಸೆಂಟಿಮೀಟರ್, ಎತ್ತರ ಹತ್ತು.

"ನಲವತ್ತೆರಡು, ಅರುವತ್ತು" ಎಂದು ಗುಮಾಸ್ತರು ಬಡಗಿಗೆ ಹೇಳಿದರು.

ಸಂಜೆ ಹೊಸ ಮನೆಯ ಗೇಟು ತೆಗೆದವರು ಸ್ವತಃ ಮಾಲೀಕರು. ಭಾನುವಾರ ಹೆಚ್ಚಾಗಿ ಕುರ್ಚಿಯಲ್ಲೇ ಇದ್ದವರು. ಈಗ ಪಕ್ಕದಲ್ಲಿ ನಿಂತರೆ ಗುಮಾಸ್ತರ ಕಿವಿಯ ಮಟ್ಟಕ್ಕೂ ಬರಲಿಲ್ಲ. ಐದಡಿ ಮೂರಿಂಚು, ಅದೂ ಚಪ್ಪಲಿಯ ಕೃಪೆಯಿಂದ.

ಗುಮಾಸ್ತರು ಬೆರಳು ಮಡಚಿ ಲೆಕ್ಕ ಹಾಕಿದರು. ಹಾಗಾದರೆ ಕಪಾಟು ಐದು ಇಂಚು ಅಗಲ ಜಾಸ್ತಿ!

ಒಳಗೆ ಬಡಗಿ ಕಪಾಟು ಎತ್ತಿಯಾಗಿತ್ತು. ಹೆಂಡತಿ ಕೈಕಟ್ಟಿ ನಿಂತಿದ್ದರು. ಅವರ ಅಣ್ಣ ಕುರ್ಚಿ ಎಳೆದು, ಆಟ ನೋಡಲು ಬಂದವರಂತೆ ಕೂತಿದ್ದರು. "ನೋಡೋಣ, ಭಾವನ ಕೈಚಳಕ."

"ರೀ, ಯಾಕೆ ಬೆವರ್ತಿದೀರಿ?"

"ಬಸ್ಸಲ್ಲಿ ರಶ್ಶು" ಎಂದು ಗುಮಾಸ್ತರು ಕಣ್ಣು ಮುಚ್ಚಿಕೊಂಡರು.

ಸರ್ರನೆ ಒಂದು ಸದ್ದು. ಕಣ್ಣು ತೆರೆದರೆ ಕಪಾಟು ಗೂಡಿನೊಳಗೆ ಕೂತಿತ್ತು. ಸುತ್ತ ಉಗುರು ತೂರಿಸಲೂ ಜಾಗವಿಲ್ಲ.

ಇದು ಹೇಗಾಯಿತೆಂದು ಬಿಡಿಸಿ ಹೇಳಲು ಡ್ರಾಫ್ಟ್ಸ್‌ಮನ್‌ರಿಗೆ ಮರುದಿನ ಅರ್ಧ ಹೊತ್ತು ಬೇಕಾಯಿತು. ಮಾಲೀಕರು ಬಾಯಲ್ಲಿ ಒಂಬತ್ತು ಇಂಚು ಬೆಳೆದಿದ್ದರು. ಆದರೆ ಫೋಟೋಕ್ಕೆ ಗೋಡೆಯಿಂದ ಒಂದು ಹೆಜ್ಜೆ ಮುಂದೆ ನಿಂತು, ಕ್ಯಾಮೆರಾಕ್ಕೆ ಹತ್ತಿರವಾಗಿ, ಗೂಡಿಗಿಂತ ಅಷ್ಟೇ ಪಾಲು ದೊಡ್ಡದಾಗಿಯೂ ಕಂಡಿದ್ದರು. ಸುಳ್ಳು ಹಿಗ್ಗಿಸಿದ್ದನ್ನು ಹೆಜ್ಜೆ ಕುಗ್ಗಿಸಿತ್ತು.

ಆ ಸಂಜೆಯಂತೂ ಅಣ್ಣ ಗೂಡಿನ ನಾಲ್ಕೂ ಅಂಚು ಸವರಿ ನೋಡಿದರು. "ಒಪ್ಪಿದೆ. ಇಷ್ಟು ಕರಾರುವಾಕ್ಕು ನನ್ನ ಕೈಲೂ ಆಗಲ್ಲ. ಇನ್ನು ನಾನ್ಯಾಕೆ ಬೇಕು?" ಎಂದು ಎದ್ದು ಹೊರಟರು.

ಗುಮಾಸ್ತರ ಎದೆಯಿಂದ ಒಂದು ಮೂಟೆ ಇಳಿಯಿತು. ಹೆಂಡತಿಯ ಕಣ್ಣಲ್ಲಿ, ಮದುವೆಯಾದ ಹೊಸದರಲ್ಲಿ ಕಂಡಿದ್ದ ಹೊಳಪು.

"ಸುಮ್ನೆ ಅನುಮಾನಪಟ್ಟೆ ಕಣ್ರೀ. ಕಪಾಟು ಕೂರದಿದ್ರೆ ಉಳಿದದ್ದನ್ನೆಲ್ಲ ತಾನೇ ಮಾಡಿಸಿಕೊಡ್ತೀನಿ ಅಂದಿದ್ದ ಅಣ್ಣ. ಒಂಬತ್ತು ಕಿಟಕಿ ಪರದೆ, ಅಡುಗೆಮನೆ ಕಟ್ಟೆ, ಅಟ್ಟದ ಬಾಗಿಲು, ಸಾಮಾನು ಸಾಗಿಸೋದು. ಒಂದೂವರೆ ತಿಂಗಳ ಕೆಲಸ. ಈಗ ಅವನು ಬೇಡ ಬಿಡಿ. ನೀವಿದೀರಲ್ಲ!"

ಗುಮಾಸ್ತರು ಕಿಟಕಿಯಿಂದಾಚೆ ನೋಡಿದರು. ಬೀದಿಯಲ್ಲಿ ಹೆಂಡತಿಯ ಅಣ್ಣ ಸಿಳ್ಳೆ ಹಾಕುತ್ತ, ಶಾಲೆ ಬಿಟ್ಟ ಹುಡುಗನಂತೆ ಹೆಜ್ಜೆ ಹಾಕುತ್ತಿದ್ದರು.