ಒಣಮೀನಿನ ಅಂಗಳಕ್ಕೆ ಬಂದ ಹೆದ್ದಾರಿ

ನಕ್ಷೆಯಲ್ಲಿ ರಸ್ತೆ ನೇರವಾಗಿಯೇ ಇರುತ್ತದೆ. ನೆಲಕ್ಕಿಳಿದ ಮೇಲೆ ಜನ ಸಿಗುತ್ತಾರೆ. ನಾನು ಸರ್ವೆಯವನು. ಕೆಲಸಕ್ಕೆ ಸೇರಿದ ದಿನದಿಂದ ಹೀಗೇ ಆಗುತ್ತಿದೆ.

ನಿವೃತ್ತನಾಗಿ ಬ್ರಹ್ಮಾವರದ ಮನೆಯಲ್ಲಿ ಕೂತಿದ್ದೆ. ರಸ್ತೆ ಯೋಜನೆಯ ಕಂಪನಿಯೊಂದು ಮತ್ತೆ ಕರೆಯಿತು. ಗಂಗೊಳ್ಳಿ ಬಂದರಿನಿಂದ ಹೆದ್ದಾರಿಗೆ ಅಗಲವಾದ ರಸ್ತೆ ಆಗಬೇಕು. ಮೀನಿನ ಲಾರಿಯೂ ಹೋಗಬೇಕು, ನೌಕಾಪಡೆಯ ಲಾರಿಯೂ ಹೋಗಬೇಕು. ದಾರಿ ಎರಡಿದ್ದವು. ಒಂದು ಒಳಗಿನ ಪೇಟೆ ದಾರಿ. ಇನ್ನೊಂದು ಕಡಲ ಬದಿಯ ದಾರಿ. ಕಡಲ ಬದಿಯಲ್ಲಿ ಒಬ್ಬ ಹೆಂಗಸು ಮೀನು ಒಣಗಿಸುವ ಅಂಗಳವಿತ್ತು. ಊರೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿತ್ತು. ನಾನೂ ಹಾಗೇ ಅಂದೆ.

"ಮನೆ ಉಳಿಯುತ್ತದೆ ಅಕ್ಕ. ಅಂಗಳ ಮಾತ್ರ ಹೋಗುತ್ತದೆ. ಪರಿಹಾರ ಕೊಡುತ್ತಾರೆ" ಎಂದೆ.

"ಪರಿಹಾರದ್ ಮೇಲೆ ಮೀನ್ ಒಣಗ್ಸುಕೆ ಆತ್ತಾ?"

ಆಗುವುದಿಲ್ಲ ಎಂದೆ. ನಾನು ನೆಟ್ಟಿದ್ದ ಸರ್ವೆ ಗೂಟ ಕಿತ್ತು ಕೈಗೆ ಕೊಟ್ಟಳು.

ಗಣತಿ

ಯಾವ ದಾರಿಯಲ್ಲಿ ವಾಹನ ಹೆಚ್ಚೋ ಆ ದಾರಿ ಅಗಲವಾಗುತ್ತದೆ. ಇದನ್ನು ಚಾ ಅಂಗಡಿಯಲ್ಲಿ ಹೇಳಬಾರದಿತ್ತು. ಕಂಪನಿಯ ಎಂಜಿನಿಯರ್ ಹೇಳಿದ.

ಮರುದಿನ ಪೇಟೆ ದಾರಿಯಲ್ಲಿ ಎಣಿಸಲು ಕೂತೆ. ಒಂದು ರಿಕ್ಷಾ ಹೋಯಿತು. ಬಂತು. ಮತ್ತೆ ಹೋಯಿತು. ಹಿಂದಿನ ಸೀಟಿನಲ್ಲಿ ಅದೇ ಮುದುಕಿ. ಮಧ್ಯಾಹ್ನದವರೆಗೆ ನೋಡಿದೆ. ಕೊನೆಗೆ ಕೈ ಅಡ್ಡ ಹಿಡಿದೆ.

"ಎಲ್ಲಿಗೆ ಹೊರಟದ್ದು?"

"ಎಲ್ಲಿಗೂ ಇಲ್ಲ ಮರಾಯ್ರೆ. ಊರಿನ ಅಭಿವೃದ್ಧಿಗೆ" ಎಂದ ರಿಕ್ಷಾದವನು.

ಮುದುಕಿ ತಲೆ ಹೊರಗೆ ಹಾಕಿದಳು.

"ನಂಗ್ ಆಸ್ಪತ್ರೆಗ್ ಹೋಪುಕಿತ್ತ್. ಬೆಳಿಗ್ಗೆ ಹತ್ತಿದ್."

ಆಕ್ಷೇಪಣೆ

ಪೇಟೆ ದಾರಿಯ ಲೆಕ್ಕ ಸುಳ್ಳೆಂದು ಮೇಲಿನವರು ಅದನ್ನು ಕೈಬಿಟ್ಟರು. ಉಳಿದದ್ದು ಅಕ್ಕನ ಅಂಗಳ. ಕುಂದಾಪುರದಲ್ಲಿ ಸಾರ್ವಜನಿಕರ ಸಭೆ ಕರೆದರು. ಆಕ್ಷೇಪಣೆ ಇದ್ದವರು ಹೇಳಬಹುದು.

ಮೊದಲು ಎದ್ದವನು ಕಡಲಿನಿಂದ ದೂರ, ಒಳನಾಡಿನ ಕೊಕ್ಕರ್ಣೆಯ ಒಬ್ಬ ಕೃಷಿಕ.

"ಕೊಕ್ಕರ್ಣೆಗೂ ಈ ರಸ್ತೆಗೂ ಸಂಬಂಧ ಇಲ್ಲ. ನಿಮ್ಮ ಜಾಗ ಹೋಗುವುದಿಲ್ಲ" ಎಂದೆ.

"ಅದೇ ನನ್ ಆಕ್ಷೇಪಣೆ. ಬೈಂದೂರಂಗೆ ನನ್ ಭಾವನ್ ಜಾಗ ಹೆದ್ದಾರಿಗ್ ಹೋಯ್ತ್. ಪರಿಹಾರದ್ ದುಡ್ಡಂಗೆ ಮಾಳಿಗಿ ಮನೆ ಕಟ್ಟಿದ. ನನ್ ಹೆಂಡ್ತಿ ದಿನಾ ಹೇಳ್ತ್ಳ್, ನಿಮ್ ಜಾಗ ಯಾರಿಗೂ ಬ್ಯಾಡ ಅಂದೇಳಿ."

ಹಿಂದಿನ ಸಾಲಿನಿಂದ ಅಕ್ಕ ಎದ್ದಳು.

"ಹ್ವಾಯ್, ಅವ್ರಿಗ್ ಬೇಕಂಬ್ರ್, ನಂಗ್ ಬ್ಯಾಡ. ರಸ್ತೆ ಕೊಕ್ಕರ್ಣೆಗೇ ಕೊಡಿ!"

ಎಂಜಿನಿಯರ್ ಸಮಾಧಾನದಿಂದ ಹೇಳಿದ. "ಅಮ್ಮಾ, ಇದು ಬಂದರಿನ ರಸ್ತೆ. ಬಂದರು ಗಂಗೊಳ್ಳಿಯಲ್ಲಿದೆ."

ಕೊಕ್ಕರ್ಣೆಯವನು ಕೂರಲಿಲ್ಲ.

"ಬಂದರಿಗೂ ನಮ್ಮಲ್ಲ್ ಜಾಗ ಇತ್ತ್" ಎಂದ.

ಗುಟ್ಟಿನ ಭೇಟಿ

ನೌಕಾಪಡೆಯ ಅಧಿಕಾರಿಯೊಬ್ಬರು ಜಾಗ ನೋಡಲು ಬಂದರು. ಗುಟ್ಟಾಗಿ. ಸಮವಸ್ತ್ರ ಇಲ್ಲ, ಬಾಡಿಗೆ ಕಾರು. ಯಾರಿಗೂ ಹೇಳಬೇಡಿ ಎಂದು ನನಗೆ ಹಿಂದಿಯಲ್ಲಿ ಹೇಳಿದ್ದರು. ನಾನು ಹೆಂಡತಿಗೂ ಹೇಳಲಿಲ್ಲ. ಅವಳಿಗೆ ನಾನು ಸಾಮಾನ್ಯವಾಗಿ ಏನೂ ಹೇಳುವುದಿಲ್ಲ.

ಬಂದರಿನಲ್ಲಿ ಕಾರು ಇಳಿದದ್ದೇ ತಡ, ಮೀನು ಮಾರುವವಳೊಬ್ಬಳು ಕೂಗಿದಳು.

"ಹ್ವಾಯ್ ನೇವಿಯವ್ರೇ, ಬಂಗುಡೆ ಬೇಕಾ?"

ಅಧಿಕಾರಿ ನನ್ನನ್ನು ನೋಡಿದರು. ನಾನು ಆಕೆಯನ್ನು ಕೇಳಿದೆ. "ನೇವಿ ಅಂತ ಯಾರು ಹೇಳಿದ್ದು?"

"ಬೂಟ್ಸ್ ಪಾಲಿಶ್ ಮಾಡ್ಕಂಡ್ ಮೀನ್ ತಕಂಬುಕೆ ಬೇರೆ ಯಾರ್ ಬತ್ರ್?"

ಹಿಂದಿಗೆ ತಿರುಗಿಸಿ ಹೇಳಿದೆ. ಅಧಿಕಾರಿ ಬಂಗುಡೆ ತೆಗೆದುಕೊಂಡರು.

ಒಪ್ಪಿಗೆ

ಬಂಗುಡೆಯ ಚೀಲ ಹಿಡಿದುಕೊಂಡೇ ಅಕ್ಕನ ಅಂಗಳಕ್ಕೆ ಹೋದೆವು. ಆಕೆ ಮೀನು ಮಗುಚುತ್ತಿದ್ದಳು. ಕೂರಿ ಎನ್ನಲಿಲ್ಲ. ಕೂರಲು ಜಾಗವೂ ಇರಲಿಲ್ಲ. ಎಲ್ಲ ಕಡೆ ಮೀನು.

"ಕೊಡುದಿಲ್ಲ ಅಂದೇಳಿ ಹೇಳಿ ಅವ್ರಿಗೆ. ನಂದ್ ಬದ್ಕ್ ಇರೂದ್ ಈ ಅಂಗಳ್ದಂಗೆ."

ಹೇಳಿದೆ. ಅಧಿಕಾರಿ ಒಳ್ಳೆಯ ಮನುಷ್ಯ. ನಕ್ಷೆ ಬಿಡಿಸಿ ತೋರಿಸಿದರು. ಇಲ್ಲಿ ರಸ್ತೆ. ಅದರ ಬದಿಗೆ, ಅಕ್ಕನ ಬಾಗಿಲಿನ ಎದುರಿಗೇ, ನೌಕಾಪಡೆಯ ಲಾರಿಗಳು ಸಾಲಾಗಿ ನಿಲ್ಲಲು ಜಾಗ.

ಅಕ್ಕ ಮೀನು ಬಿಟ್ಟು ನಕ್ಷೆ ನೋಡಿದಳು.

"ನಿಲ್ಲು ಜಾಗ ಮಣ್ಣಿಂದಾ?"

"ಕಾಂಕ್ರೀಟು" ಎಂದರು.

"ನೆರಳಿಗೆ ಮರ ನೆಡ್ತ್ರಿಯಾ?"

"ಇಲ್ಲ. ಮರ ಇರಬಾರದು."

"ದನ, ನಾಯಿ?"

"ಸುತ್ತ ಬೇಲಿ ಹಾಕುತ್ತೇವೆ."

"ಲಾರಿ ದಿನಾ ಬತ್ತಾ?"

"ಇಲ್ಲ, ಇಲ್ಲ. ನಿಮಗೆ ತೊಂದರೆ ಆಗುವುದಿಲ್ಲ. ಯುದ್ಧ ಬಂದರೆ ಮಾತ್ರ."

ಅಕ್ಕ ತನ್ನ ಅಂಗಳ ನೋಡಿದಳು. ಮರಳು, ಹರಿದ ಬಲೆ, ಮೀನಿಗೆ ಕಾಯುತ್ತಿರುವ ಕಾಗೆ. ಮತ್ತೆ ನಕ್ಷೆ ನೋಡಿದಳು. ಕೈ ಸೀರೆಗೆ ಒರೆಸಿಕೊಂಡಳು.

"ಎಲ್ಲಿ ಸೈನ್ ಹಾಕೂದ್?"

ಅಧಿಕಾರಿಯ ಕಣ್ಣು ತುಂಬಿ ಬಂತು. ದೇಶಕ್ಕಾಗಿ ಇಂಥ ತ್ಯಾಗ ಮಾಡಿದವರನ್ನು ನೋಡಿಯೇ ಇಲ್ಲ ಎಂದರು. ಬಂಗುಡೆ ಚೀಲ ನನ್ನ ಕೈಗೆ ಕೊಟ್ಟು ಅಕ್ಕನಿಗೆ ಸೆಲ್ಯೂಟ್ ಹೊಡೆದರು.

ಅಕ್ಕ ನನ್ನ ಕಡೆ ತಿರುಗಿದಳು.

"ಸರ್ವೆಯವ್ರೆ, ಒಂದ್ ಮಾತ್ ಹೇಳಿ ಅವ್ರಿಗೆ. ಯುದ್ಧ ಇದ್ರೆ ಹಿಂದಿನ್ ದಿನ ಒಂದ್ ಫೋನ್ ಮಾಡುಕೆ. ಮೀನ್ ಎತ್ತಿ ಒಳ್ಗ್ ಇಡುಕಿತ್ತಲ್ದಾ."

ಹಿಂದಿಯಲ್ಲಿ ಹೇಳಿದೆ. ಅಧಿಕಾರಿ ಸೆಲ್ಯೂಟಿನ ಕೈ ಇಳಿಸಿದರು.

ಆಮೇಲೆ ಅಕ್ಕನ ನಂಬರು ಬರೆದುಕೊಂಡರು.